ಅಮ್ಮನ ಪಕ್ಕದ ಸೀಟು

ಅಕ್ಟೋಬರ್ 12, ಭಾನುವಾರ

ಬೆಳಿಗ್ಗೆ ಹಾಲಿಗೆಂದು ಫ್ರಿಜ್ ತೆಗೆದರೆ ಮೇಲಿನ ಅಂತಸ್ತಿನಲ್ಲಿ ಒಂದು ಡಬ್ಬಿ. ಮುಚ್ಚಳದ ಮೇಲೆ ಹಳದಿ ಚೀಟಿ, ಚೀಟಿಯಲ್ಲಿ ಅಮ್ಮನ ಕೈಬರಹ, ಥಾಯ್ ಅಕ್ಷರಗಳಲ್ಲಿ. ಅಮ್ಮ ಮದುವೆಯಾಗಿ ಡೆನ್ಮಾರ್ಕಿಗೆ ಬಂದು ನನ್ನ ವಯಸ್ಸಿಗಿಂತ ಹೆಚ್ಚು ವರ್ಷಗಳಾದವು. ಇಷ್ಟು ದಿನ ಈ ಮನೆಯಲ್ಲಿ ಅವಳು ಥಾಯ್‌ನಲ್ಲಿ ಒಂದು ಚೀಟಿಯನ್ನೂ ಬರೆದವಳಲ್ಲ. ಬರೆದಿದ್ದರೆ ಓದುವವರು ಯಾರಿದ್ದರು? ಅಪ್ಪನಿಗೆ ಮೂರು ಪದ ಬರುತ್ತವೆ, ಮೂರೂ ಊಟದವು. ಅಣ್ಣ ಮಾಲ್ತೆಗೆ ಎರಡು ಬರುತ್ತವೆ, ಎರಡೂ ಬೈಗುಳ. ನನಗೆ ಅಷ್ಟೂ ಇಲ್ಲ.

ಚೀಟಿ ರಿಕ್ಕೆಗೆ. ಮಾಲ್ತೆಯ ಗೆಳತಿ. ಓಲ್ಬೋರ್‌ನಿಂದ ಶನಿವಾರ ಅವನ ಜೊತೆ ಬಂದು ಭಾನುವಾರ ಸಂಜೆ ಹೋಗುತ್ತಾಳೆ. ಅವನ ಪರಿಚಯವಾಗುವ ಮೊದಲೇ ಬ್ಯಾಂಕಾಕಿನಲ್ಲಿ ಒಂದು ವರ್ಷ ಇದ್ದು, ಥಾಯ್ ಓದಿ ಬರೆದು ಕಲಿತು ಬಂದವಳು. ಅವಳು ಅಮ್ಮನನ್ನು ‘ಮ್ಯಾ’ ಎನ್ನುತ್ತಾಳೆ. ಥಾಯ್‌ನಲ್ಲಿ ಅಮ್ಮ ಎಂದರ್ಥ. ನಾನು ಡೇನಿಶ್‌ನಲ್ಲಿ ಕೂಗುತ್ತೇನೆ. ಅಮ್ಮನ ಕಪ್ಪು ಕೂದಲು, ಅಮ್ಮನ ಕೆನ್ನೆಮೂಳೆ ಬಂದಿರುವುದು ನನಗೆ. ಇದೇ ಥಿಸ್ಟೆಡ್‌ನಲ್ಲಿ ಹುಟ್ಟಿ ಬೆಳೆದರೂ ಬೇಕರಿಯಲ್ಲಿ ಹೊಸಬರು ‘ಎಲ್ಲಿಯವಳು’ ಎಂದು ಕೇಳುವುದು ನನ್ನನ್ನು. ಹುಲ್ಲಿನ ಬಣ್ಣದ ಕೂದಲಿನ ರಿಕ್ಕೆ ಮಾತ್ರ ಅಮ್ಮನ ಚೀಟಿ ಓದಿ ಡಬ್ಬಿ ತೆಗೆದುಕೊಂಡು ಹೋಗುತ್ತಾಳೆ.

ಊಟಕ್ಕೆ ಕೂತಾಗ ಅಮ್ಮ ಹೇಳಿದಳು: “ಫೆಬ್ರವರೀಲಿ ಊರಿಗೆ ಹೋಗ್ತೀನಿ. ಅಜ್ಜಿಗೆ ಕಣ್ಣು ಪೂರ್ತಿ ಹೋಯ್ತಂತೆ. ಇನ್ನು ತಡ ಮಾಡೋ ಹಾಗಿಲ್ಲ.”

ಅಪ್ಪನ ಹೃದಯಕ್ಕೆ ಅಷ್ಟು ದೂರದ ವಿಮಾನ ಬೇಡ ಎಂದು ವೈದ್ಯರು ಹೇಳಿದ್ದಾರೆ. ಮಾಲ್ತೆಗೆ ರಜೆ ಇಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ರಿಕ್ಕೆ, “ನಾನು ಬರ್ತೀನಿ, ಮ್ಯಾ! ಅಜ್ಜಿ ಜೊತೆ ಮಾತಾಡ್ಬೇಕು ನಾನು” ಎಂದಳು.

ಅಮ್ಮನ ಮುಖ ಅರಳಿತು. ಆಮೇಲೆ ನನ್ನ ಕಡೆ ತಿರುಗಿ, “ನಿಂಗೆ ಅಲ್ಲಿ ಬೇಜಾರು ಕಣೇ ಮಾರೆನ್. ಯಾರ ಹತ್ರಾನೂ ಮಾತಾಡೋಕೆ ಬರಲ್ಲ. ಹೋದ ಸಲ ಹಗಲೆಲ್ಲ ಸೊಳ್ಳೆಪರದೆ ಒಳಗೇ ಕೂತಿದ್ಯಲ್ಲ” ಎಂದಳು.

ಹೋದ ಸಲ ನನಗೆ ಒಂಬತ್ತು ವರ್ಷ.

ಕ್ರಿಸ್‌ಮಸ್‌ಗೆ ಮೊದಲು ಟಿಕೆಟ್ ತೆಗೆಯುತ್ತಾರಂತೆ. ಹಾಗಾದರೆ ನನಗೂ ಅಲ್ಲಿಯವರೆಗೆ ಸಮಯವಿದೆ. ಅಮ್ಮನ ಪಕ್ಕದ ಸೀಟು ನನ್ನದು. ಥಾಯ್ ಕಲಿಯುತ್ತೇನೆ. ಯಾರಿಗೂ ಹೇಳುವುದಿಲ್ಲ.

ರಿಕ್ಕೆ ಕಸದ ಬುಟ್ಟಿಗೆ ಹಾಕಿದ ಚೀಟಿ ಈಗ ನನ್ನ ಜೇಬಿನಲ್ಲಿದೆ.

ಅಕ್ಟೋಬರ್ 14, ಮಂಗಳವಾರ

ಸಾಹಿತ್ಯದ ಪದವಿಗೆ ಸಿಕ್ಕಿರುವ ಕೆಲಸ ಎಂದರೆ ಊರಿನ ಗ್ರಂಥಾಲಯದಲ್ಲಿ ವಾಪಸು ಬಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವುದು, ಅದೂ ತಾತ್ಕಾಲಿಕ. ಇವತ್ತು ಅದರಿಂದ ಒಂದು ಲಾಭವಾಯಿತು. ಭಾಷೆಗಳ ಕಪಾಟಿನಲ್ಲಿ ಥಾಯ್ ಕಲಿಕೆಯ ದಪ್ಪ ಪುಸ್ತಕ ಒಂದಿತ್ತು, ಹಿಂಬದಿಯ ಜೇಬಿನಲ್ಲಿ ಎರಡು ಸಿ.ಡಿ. ಥಾಯ್ ಪದಗಳನ್ನೆಲ್ಲ ನಮ್ಮ ಡೇನಿಶ್ ಅಕ್ಷರದಲ್ಲಿ ಬರೆದು ಸ್ವರಗಳ ತಲೆಗೆ ಟೋಪಿ, ಕೊಂಬು, ಗೆರೆ ಇಟ್ಟಿದ್ದಾರೆ.

ಮನೆಯಲ್ಲಿ ಸಿ.ಡಿ. ಹಾಕುವ ಯಂತ್ರ ಇರುವುದು ಅಪ್ಪನ ಹಳೆಯ ಕಾರಿನಲ್ಲಿ ಮಾತ್ರ. ಅಂಗಳದಲ್ಲಿ ನಿಂತ ಕಾರಿನೊಳಗೆ ಕೂತು ಮೊದಲ ಪಾಠ ಕೇಳಿದೆ. ಒಬ್ಬ ಗಂಡಸು ಹೋಟೆಲಿನಲ್ಲಿ ಕೋಣೆ ಕೇಳುತ್ತಾನೆ. ಒಬ್ಬ ಹೆಂಗಸು ಇದೆ ಎನ್ನುತ್ತಾಳೆ. ಅವನಿಗೆ ಯಾಕೋ ತುಂಬಾ ಸಂತೋಷ.

ಅಪ್ಪ ಕಿಟಕಿ ತಟ್ಟಿದ. “ಏನು ಮಾಡ್ತಿದೀಯ ಇಲ್ಲಿ?”

“ಹಾಡು ಕೇಳ್ತಿದೀನಿ.”

“ಬ್ಯಾಟರಿ ಇಳಿಸ್ಬೇಡ” ಎಂದು ಹೋದ. ಅಪ್ಪನ ಈ ಗುಣ ನನಗೆ ಇಷ್ಟ.

ಅಕ್ಟೋಬರ್ 17, ಶುಕ್ರವಾರ

ಫೋನಿಗೆ ಒಂದು ಆ್ಯಪ್ ಇಳಿಸಿಕೊಂಡೆ. ಅದು ಕಲಿಸುವುದು: ಕರಿಬೆಕ್ಕು ಹಾಲು ಕುಡಿಯುತ್ತದೆ, ವೈದ್ಯರ ಬಳಿ ಆನೆ ಇದೆ. ಸರಿಯುತ್ತರಕ್ಕೆ ನಕ್ಷತ್ರಗಳು ಸಿಡಿಯುತ್ತವೆ. ಅಜ್ಜಿಯ ಹಾಸಿಗೆಯ ಪಕ್ಕ ಕೂತು ವೈದ್ಯರ ಬಳಿ ಆನೆ ಇದೆ ಎಂದು ಹೇಳುವುದನ್ನು ಊಹಿಸಿದೆ.

ಸ್ವಂತವಾಗಿ ಥಾಯ್ ಕಲಿಯುವವರು ಜಗಳವಾಡುವ ಜಾಲತಾಣ ಒಂದಿದೆ. ಒಬ್ಬರು ಮೊದಲು ಲಿಪಿ ಕಲಿ, ಇಲ್ಲದಿದ್ದರೆ ಉಚ್ಚಾರ ಕೆಟ್ಟುಹೋಗುತ್ತದೆ ಎಂದರೆ ಇನ್ನೊಬ್ಬರು ಲಿಪಿಗೆ ಕೈ ಹಾಕಿದರೆ ತಿಂಗಳಲ್ಲಿ ಬಿಟ್ಟುಬಿಡುತ್ತೀ ಎನ್ನುತ್ತಾರೆ. ಮೂರನೆಯ ಪಂಗಡವೊಂದಿದೆ, ಅವರು ವಿಚಿತ್ರ. ಪುಸ್ತಕವೂ ಬೇಡ, ಬಾಯಿಯೂ ಬಿಡಬೇಡ, ಸುಮ್ಮನೆ ಪಕ್ಕದಲ್ಲಿ ಕೂತು ವರ್ಷಗಟ್ಟಲೆ ಕೇಳುತ್ತಿರು, ಮಕ್ಕಳ ಹಾಗೆ ತಾನಾಗಿ ಹತ್ತುತ್ತದೆ ಅನ್ನುತ್ತಾರೆ. ಯಾರಿಗಿದೆ ಅಷ್ಟು ಪುರುಸೊತ್ತು?

ಅಕ್ಟೋಬರ್ 19, ಭಾನುವಾರ

ಎಂದಿನಂತೆ ಬೆಳಿಗ್ಗೆ ಅಮ್ಮನ ಊರು ಕಾಲಸಿನ್‌ನಿಂದ ಸಮ್ಲಿ ದೊಡ್ಡಮ್ಮನ ವಿಡಿಯೊ ಫೋನ್. ಅಮ್ಮ ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಗಟ್ಟಿಯಾಗಿ ಮಾತಾಡುತ್ತಾಳೆ, ನಾನು ಪಾತ್ರೆ ಒರೆಸುತ್ತೇನೆ. ನನಗೆ ಬುದ್ಧಿ ಬಂದಾಗಿನಿಂದ ಭಾನುವಾರ ಹೀಗೆಯೇ. ದೊಡ್ಡಮ್ಮನ ಬಾತುಕೋಳಿಯನ್ನು ಪಕ್ಕದ ಮನೆಯ ನಾಯಿ ಎತ್ತಿಕೊಂಡು ಹೋಗಿದೆ, ಆ ಮನೆಯವರು ಅದು ನಮ್ಮ ನಾಯಿಯೇ ಅಲ್ಲ ಎಂದು ವಾದಿಸುತ್ತಿದ್ದಾರೆ. ಅಜ್ಜಿ ಅನ್ನದ ತಟ್ಟೆ ಪಕ್ಕಕ್ಕೆ ತಳ್ಳುತ್ತಾಳೆ, ಉಪ್ಪಿನಲ್ಲಿ ಹುಳಿ ಬರಿಸಿದ ಮೀನು ಕೊಟ್ಟರೆ ಮಾತ್ರ ಎರಡು ತುತ್ತು.

ಪಾತ್ರೆ ಮುಗಿಸಿ ಕಾರಿಗೆ ಹೋಗಿ ಮೂರನೆಯ ಪಾಠ ಹಾಕಿದೆ. ಅಕ್ಷರ ಅಕ್ಷರವಾಗಿ ಮೂರು ಸಲ ಕೇಳಿದೆ. ಏನೂ ತಲೆಗೆ ಹತ್ತಲಿಲ್ಲ. ನನಗೆ ಭಾಷೆಯ ಕಿವಿಯೇ ಇಲ್ಲವೇನೋ.

ಅಕ್ಟೋಬರ್ 25, ಶನಿವಾರ

ರಿಕ್ಕೆ ಮತ್ತು ಅಮ್ಮ ಅಡುಗೆಮನೆಯಲ್ಲಿ. ತೆಂಗಿನ ಹಾಲಿನ ಸಾರು, ಮಲ್ಲಿಗೆ ಅಕ್ಕಿಯ ಅನ್ನ. ನಾವಷ್ಟೇ ಇದ್ದರೆ ಅಮ್ಮ ಅಂಟಕ್ಕಿ ಬೇಯಿಸಿ, ಪಪಾಯಿ ಸಿಗದ್ದಕ್ಕೆ ಕ್ಯಾರೆಟ್ ತುರಿದು, ಶೆಡ್ಡಿನಲ್ಲಿ ಬಚ್ಚಿಟ್ಟ ಹುಳಿಮೀನಿನ ಜಾಡಿ ತರುತ್ತಾಳೆ. (ಆ ಜಾಡಿ ಮನೆಯೊಳಗೆ ಬಂದರೆ ತಾನು ಶೆಡ್ಡಿಗೆ ಹೋಗುವುದಾಗಿ ಅಪ್ಪ ಹಿಂದೆಯೇ ಹೇಳಿದ್ದಾನೆ.) ರಿಕ್ಕೆಗೆ ಅದೆಲ್ಲ ಇಲ್ಲ, ಒಳ್ಳೆಯ ಅಡುಗೆ.

ಮಾತೂ ಹಾಗೆಯೇ. ರಿಕ್ಕೆಯ ಜೊತೆ ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು, ವಾರ್ತೆ ಓದುವವಳ ಹಾಗೆ ಬಿಡಿಸಿ ಬಿಡಿಸಿ ಮಾತಾಡುತ್ತಾಳೆ. ದೊಡ್ಡಮ್ಮನ ಜೊತೆಯಾದರೆ ಬಾಯಲ್ಲಿ ತುತ್ತು ಇಟ್ಟುಕೊಂಡೇ ಕಿರುಚುತ್ತಾಳೆ. ರಿಕ್ಕೆಗೋಸ್ಕರ ಎಷ್ಟೊಂದು ಶ್ರದ್ಧೆ! ನನ್ನ ಜೊತೆ ಯಾವತ್ತು ಹೀಗೆ ಬೆನ್ನು ನೆಟ್ಟಗೆ ಮಾಡಿದ್ದಾಳೆ?

“ಬಾರೇ ಮಾರೆನ್, ನಿಂಗೂ ಹೇಳಿಕೊಡ್ತೀನಿ” ಎಂದಳು ರಿಕ್ಕೆ. “ಒಂದು ಪದ ಹೇಳು ನೋಡೋಣ.”

“ನನಗೆ ತಲೆನೋವು” ಎಂದೆ, ಡೇನಿಶ್‌ನಲ್ಲಿ. ನಿಜವಾಗಿ ಉರಿಯುತ್ತಿದ್ದುದು ಹೊಟ್ಟೆ.

ನವೆಂಬರ್ 4, ಮಂಗಳವಾರ

ಲಿಪಿಯ ಪಂಗಡಕ್ಕೆ ಸೇರಿದೆ. ಮಕ್ಕಳಿಗೆಂದು ಮಾಡಿದ ಅಕ್ಷರಪಟ ತರಿಸಿಕೊಂಡಿದ್ದೇನೆ. ಪ್ರತಿ ಅಕ್ಷರಕ್ಕೂ ಒಂದು ಚಿತ್ರ: ಕೋಳಿ, ಮೊಟ್ಟೆ, ಎಮ್ಮೆ, ಹಾವು. ಕಪಾಟುಗಳ ಹಿಂದೆ ನಿಂತು ಬಾಯಿಪಾಠ ಮಾಡುತ್ತೇನೆ.

ಇವತ್ತು ಜೇಬಿನ ಚೀಟಿಯನ್ನು ಓದಿಬಿಟ್ಟೆ. ಬೆವರು ಬಂತು, ಆದರೂ ಓದಿದೆ. ಮೂರು ವಾರದಿಂದ ನನ್ನ ತೊಡೆಯನ್ನು ಸುಡುತ್ತಿದ್ದ ಚೀಟಿ ಹೇಳುವುದು ಇಷ್ಟು: ‘ರಿಕ್ಕೆಗೆ. ಖಾರ ಹಾಕಿಲ್ಲ.’

ನವೆಂಬರ್ 5, ಬುಧವಾರ

ಥಾಯ್‌ಗೆ ಐದು ಸ್ವರಗತಿ, ದನಿ ಏರಿಸಿ ಇಳಿಸಿದರೆ ಪದದ ಅರ್ಥವೇ ಬೇರೆ. ಪುಸ್ತಕದ ಗಂಡಸು ಐದನ್ನೂ ಹೇಳುತ್ತಾನೆ. ನನಗೆ ಕೇಳಿಸುವುದು ಒಬ್ಬ ಗಂಡಸು ಮಾತ್ರ.

ನವೆಂಬರ್ 9, ಭಾನುವಾರ

ದೊಡ್ಡಮ್ಮನ ಮುಂದೆ ಅಮ್ಮ ರಿಕ್ಕೆಯನ್ನು ಹೊಗಳಿದ್ದೇ ಹೊಗಳಿದ್ದು. ಎಷ್ಟು ಚೆಂದ ಮಾತು, ಎಷ್ಟು ಮರ್ಯಾದೆ, ದೊಡ್ಡ ಶಹರದ ಹುಡುಗಿಯ ಹಾಗೆ. ದೊಡ್ಡಮ್ಮ ‘ನಿನ್ನ ಮಗಳು ಹೇಗಿದಾಳೆ, ಲಮ್ಯಾಯ್?’ ಎಂದದ್ದಕ್ಕೆ ಅಮ್ಮ ನನ್ನ ಬೆನ್ನ ಹಿಂದೆಯೇ ನಿಂತು, “ಒಳ್ಳೇವಳೇ. ಬೆಕ್ಕಿನ ಹಾಗೆ ಓಡಾಡ್ತಾಳೆ. ಮನೇಲಿದಾಳೋ ಇಲ್ವೋ ಗೊತ್ತಾಗಲ್ಲ” ಎಂದಳು. ಒರೆಸುತ್ತಿದ್ದ ಬಟ್ಟಲು ಕೈಯಿಂದ ಜಾರಿತು. ಒಡೆಯಲಿಲ್ಲ.

ಇಡೀ ದಿನ ಕಾರಿನಲ್ಲೇ ಕೂತಿದ್ದೆ. ಆರನೆಯ ಪಾಠ: ಅಂಚೆ ಕಚೇರಿ ಎಲ್ಲಿದೆ?

ನವೆಂಬರ್ 15, ಶನಿವಾರ

ಪುಸ್ತಕ, ಆ್ಯಪ್, ಪಟ ಎಲ್ಲ ಸಾಲದೆ ಕಂಪ್ಯೂಟರಿನಲ್ಲಿ ಗಂಟೆಯ ಲೆಕ್ಕಕ್ಕೆ ಪಾಠ ಹೇಳುವ ಒಬ್ಬ ಶಿಕ್ಷಕಿಯನ್ನು ಹಿಡಿದೆ. ಬ್ಯಾಂಕಾಕಿನವರು, ಬಲು ಸಹನೆ. ತಟ್ಟೆಯ ಚಿತ್ರ ತೋರಿಸಿ, “ಊಟ ಹೇಗಿದೆ?” ಎಂದು ಕೇಳಿದರು. ರುಚಿಯಾಗಿದೆ ಎಂಬ ಪದ ಎರಡನೆಯ ಪಾಠದ್ದು, ನನಗೆ ಬಾಯಿಪಾಠವಿತ್ತು. ಆದರೆ ಬಾಯಿಗೆ ಬಂದದ್ದು ‘ಸೇಪ್!’

ಅವರು ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ಅಯ್ಯೋ, ಅದು ಎಲ್ಲಿ ಕಲಿತ್ರಿ? ಹಳ್ಳಿ ಕಡೆಯವರು ಹಾಗಂತಾರೆ. ನಾವು ‘ಅರೋಯ್’ ಅನ್ನೋಣ, ಆಯ್ತಾ?”

ಎಲ್ಲಿ ಕಲಿತೆನೋ ನನಗೂ ಗೊತ್ತಿಲ್ಲ. ಮುಖವೆಲ್ಲ ಬಿಸಿಯಾಯಿತು. ಇನ್ನು ಆ ಶಿಕ್ಷಕಿಗೆ ಮುಖ ತೋರಿಸುವುದಿಲ್ಲ. ರಿಕ್ಕೆಯಾಗಿದ್ದರೆ ಅರೋಯ್ ಎಂದು ಹೇಳಿ, ಅಡುಗೆ ಮಾಡುವ ಕ್ರಮವನ್ನೂ ಕೇಳಿ ಬರೆದುಕೊಳ್ಳುತ್ತಿದ್ದಳು.

ನವೆಂಬರ್ 23, ಭಾನುವಾರ

ಪುಸ್ತಕ ವಾಪಸು ಕೊಟ್ಟೆ. ಯಾರೂ ಕಾಯ್ದಿರಿಸಿರಲಿಲ್ಲ. ಡಿಸೆಂಬರ್ ಹದಿನೈದಕ್ಕೆ ಮಾಲ್ತೆ ಟಿಕೆಟ್ ತೆಗೆಯುತ್ತಾನೆ.

ನವೆಂಬರ್ 30, ಭಾನುವಾರ

ಎಲ್ಲಿಂದ ಶುರು ಮಾಡಲಿ?

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಅಡ್ವೆಂಟ್ ಭಾನುವಾರಗಳಲ್ಲಿ ಮೊದಲನೆಯದು. ನಾಲ್ಕು ಮೇಣದಬತ್ತಿಗಳಲ್ಲಿ ಒಂದನ್ನು ಹಚ್ಚಿದ್ದೆವು. ಅಪ್ಪ ಗುಂಡು ದೋಸೆಗೆ ಸಕ್ಕರೆಪುಡಿ ಉದುರಿಸುತ್ತಿದ್ದ. ಹೊರಗೆ ಗಾಳಿ. ದೊಡ್ಡಮ್ಮನ ಫೋನ್ ಬಂತು. ಇವತ್ತು ಅವಳು ಅಜ್ಜಿಯ ಹಾಸಿಗೆಯ ಪಕ್ಕ ಕೂತಿದ್ದಳು. ಅಮ್ಮ ಖುಷಿಯಿಂದ ಫೋನನ್ನು ರಿಕ್ಕೆಯ ಕೈಗೆ ಕೊಟ್ಟು, “ಮಾತಾಡು, ಅಜ್ಜಿಗೆ ಮೊದಲೇ ಗುರುತಾಗ್ಲಿ” ಎಂದು, ರಿಕ್ಕೆ ಹೋದ ಮೇಲಿನ ಊಟಕ್ಕೆ ಜಾಡಿ ತರಲು ಶೆಡ್ಡಿಗೆ ಹೋದಳು.

ರಿಕ್ಕೆ ಬೆನ್ನು ನೆಟ್ಟಗೆ ಮಾಡಿ, ಕೈಮುಗಿದು (ಅಜ್ಜಿಗೆ ಕಾಣದು ಎಂದು ಮರೆತು) ಚೆಂದವಾಗಿ ನಮಸ್ಕಾರ ಹೇಳಿ, ತನ್ನ ಹೆಸರು, ಊರು, ಆರೋಗ್ಯ ಹೇಗಿದೆ ಎಂದೆಲ್ಲ ಕೇಳಿದಳು. ಒಂದು ತಪ್ಪಿಲ್ಲ.

ಅಜ್ಜಿ ತಲೆ ಓರೆ ಮಾಡಿ ಕೇಳಿಸಿಕೊಂಡಳು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ ಏನೋ ಅಂದಳು, ಇನ್ನೂ ಏನೋ ಅಂದಳು, ಹಾಸಿಗೆಯಲ್ಲಿ ಎದ್ದು ಕೂರಲು ನೋಡಿದಳು. ರಿಕ್ಕೆಯ ನಗು ಹಾಗೆಯೇ ಇತ್ತು, ಕಣ್ಣು ಮಾತ್ರ ಖಾಲಿ. ನಾನು ತಡೆಯಲಾರದೆ ಕಿಸಕ್ಕೆಂದೆ.

“ಯಾಕೆ ನಗ್ತೀಯ?”

“ನಿನ್ನನ್ನ ತಾಲ್ಲೂಕು ಆಫೀಸಿನವಳು ಅಂದ್ಕೊಂಡಿದಾಳೆ. ‘ಮೇಡಮ್ಮು ಪಿಂಚಣಿ ವಿಷಯಕ್ಕೆ ಬಂದಿದಾರಾ? ನಾನಿನ್ನೂ ಸತ್ತಿಲ್ಲ ಅಂತ ಹೇಳೇ ಸಮ್ಲಿ, ಒಂದು ಒಳ್ಳೆ ರವಿಕೆ ಕೊಡು’ ಅಂತಿದಾಳೆ.”

ರಿಕ್ಕೆ ಫೋನನ್ನು ಮೇಜಿನ ಮೇಲೆ ಇಟ್ಟಳು. “ನಿಂಗೆ ಹೇಗೆ ಗೊತ್ತಾಯ್ತು?”

“ಹೇಗೆ ಅಂದ್ರೆ? ಅವಳೇ ಹೇಳಿದಳಲ್ಲ.”

“ನಂಗೆ ಒಂದು ಅಕ್ಷರ ತಿಳೀಲಿಲ್ಲ, ಮಾರೆನ್.”

ಅಪ್ಪನ ಜರಡಿ ನಿಂತಿತು. ಮಾಲ್ತೆ ದೋಸೆ ಕಚ್ಚಿದವನು ಕಚ್ಚಿದ ಹಾಗೇ ಇದ್ದ. ಬಾಗಿಲಲ್ಲಿ ಅಮ್ಮ, ಎದೆಗೆ ಅವುಚಿದ ಜಾಡಿ.

“ನಿಂಗೆ ತಿಳಿಯುತ್ತಾ?” ಎಂದಳು. ನಾನು ಉತ್ತರ ಹೇಳುವ ಮೊದಲೇ ಅವಳ ಮುಖದ ಬಣ್ಣ ಬದಲಾಯಿತು. “ಯಾವಾಗಿಂದ? ಅಂದ್ರೆ… ನಿಮ್ಮಪ್ಪನ ಅಕ್ಕನ ವಿಷ್ಯ ನಾನು ಹೇಳಿದ್ದು?”

“ಗೊತ್ತು.”

“ನಮ್ಮಕ್ಕನ ಏನು ವಿಷ್ಯ?” ಎಂದ ಅಪ್ಪ.

“ಹೋದ ವರ್ಷ ಮಾಲ್ತೆ ಕೆಲಸ ಕಳ್ಕೊಂಡಿದ್ದು?”

“ಗೊತ್ತು, ಅಮ್ಮ.”

“ಲೇ, ಅಮ್ಮನಿಗೆ ಗೊತ್ತಿತ್ತಾ ಅದು?” ಎಂದ ಮಾಲ್ತೆ.

ಅಮ್ಮ ಜಾಡಿಯನ್ನು ಮೇಜಿನ ಮೇಲೆ, ಮೇಣದಬತ್ತಿಯ ಪಕ್ಕದಲ್ಲೇ ಇಟ್ಟಳು. ಅಪ್ಪ ಎದ್ದು ಹೋಗಲೂ ಇಲ್ಲ.

ಡಿಸೆಂಬರ್ 2, ಮಂಗಳವಾರ

ಅಮ್ಮ ಥಾಯ್ಲೆಂಡಿನ ಈಶಾನ್ಯದ ಈಸಾನ್ ಸೀಮೆಯವಳು ಎಂದು ನನಗೆ ಗೊತ್ತಿತ್ತು. ಅಲ್ಲಿಯ ಮಾತಿಗೂ ಬ್ಯಾಂಕಾಕಿನ ಮಾತಿಗೂ, ನಮ್ಮ ಈ ಯೂಲಂಡ್ ಸೀಮೆಗೂ ರಾಜಧಾನಿ ಕೋಪನ್‌ಹೇಗನ್‌ಗೂ ಇರುವಷ್ಟೇ ಎಳೆತ, ಒತ್ತಿನ ವ್ಯತ್ಯಾಸ ಎಂದುಕೊಂಡಿದ್ದೆ. ಅಲ್ಲವಂತೆ, ಅದು ಬೇರೆಯದೇ ಮಾತು. ಲಾವೋಸಿನವರಿಗೆ ಹತ್ತಿರ. ಪುಸ್ತಕ, ಆ್ಯಪ್, ಶಿಕ್ಷಕಿ ಎಲ್ಲರೂ ಕಲಿಸುವುದು ಬ್ಯಾಂಕಾಕಿನದನ್ನು. ಅಮ್ಮ ಅದನ್ನು ಶಾಲೆಯಲ್ಲಿ ಕಲಿತದ್ದು, ರಿಕ್ಕೆಯ ಹಾಗೆಯೇ.

ಆಲೂಗೆಡ್ಡೆ ಸುಲಿಯುತ್ತಾ ಕೇಳಿದೆ: “ನಮಗ್ಯಾಕೆ ಕಲಿಸ್ಲಿಲ್ಲ?”

“ಮಾಲ್ತೆ ಹುಟ್ಟಿದಾಗ ಮಗು ನೋಡೋಕೆ ಒಬ್ಬ ನರ್ಸ್ ಬರ್ತಿದ್ಲು. ಮನೇಲಿ ಒಂದೇ ಭಾಷೆ ಇರ್ಲಿ, ಇಲ್ದಿದ್ರೆ ಮಕ್ಕಳ ತಲೆ ಕೆಡುತ್ತೆ ಅಂದ್ಲು. ನಾನು ಹೂಂ ಅಂದೆ. ಆಗ ಎಲ್ಲದಕ್ಕೂ ಹೂಂ ಅಂತಿದ್ದೆ.” ಸುಲಿದದ್ದನ್ನು ನೀರಿಗೆ ಹಾಕಿದಳು. “ಅದೂ ಅಲ್ದೆ ಅದು ಗದ್ದೆ ಮಾತು ಕಣೇ. ಶಾಲೇಲಿ ಆ ಮಾತಾಡಿದ್ರೆ ಬೆರಳಿನ ಮೇಲೆ ಬೀಳ್ತಿತ್ತು. ರಿಕ್ಕೆ ಮುಂದೆ ಆಡೋಕೆ ನಂಗೆ ನಾಚಿಕೆ.”

“ನನ್ನ ಮುಂದೆ?”

“ನೀನು ಇದೀಯ ಅಂತಾನೇ ಗೊತ್ತಿರ್ಲಿಲ್ವಲ್ಲ.”

ಡಿಸೆಂಬರ್ 4, ಗುರುವಾರ

ರಿಕ್ಕೆ ಫೋನ್ ಮಾಡಿದ್ದಳು. ನೇರ ಸ್ವಭಾವ, ಸುತ್ತು ಬಳಸಲಿಲ್ಲ. “ಹೊಟ್ಟೆಕಿಚ್ಚಾಗ್ತಿದೆ ನಂಗೆ. ಎಷ್ಟು ವರ್ಷ ಕೂತು ಕಲಿತೆ ಗೊತ್ತಾ? ನೀನು ಪಾತ್ರೆ ಒರೆಸ್ತಾ ಕಲಿತುಬಿಟ್ಟೆ! ಟಿಕೆಟ್ ನಿಂದೇ. ಅಜ್ಜಿಗೆ ತಾಲ್ಲೂಕು ಆಫೀಸಿನವರು ಬೇಡ” ಎಂದಳು. ನಕ್ಕಳು. ನಗು ಮುಗಿದ ಮೇಲೆ ಮೂಗು ಎಳೆದುಕೊಂಡದ್ದು ಕೇಳಿಸಿತು.

ಎರಡು ತಿಂಗಳಿನಿಂದ ಈ ಮಾತಿಗೇ ಕಾದಿದ್ದೆ. ಫೋನ್ ಇಟ್ಟ ಮೇಲೆ ಒಂದು ಕೇಕಿನ ತುಂಡು ತಿಂದೆ, ಇನ್ನೊಂದು ತಿಂದೆ. ಆಮೇಲೆ ರಿಕ್ಕೆಗೆ ಸಂದೇಶ ಕಳಿಸಿದೆ: ಹುಳಿಮೀನು ತಿಂದು ನೋಡಿದ್ದೀಯಾ? ‘ಯಾರೂ ಕೊಟ್ಟೇ ಇಲ್ಲ’ ಎಂದು ಉತ್ತರ ಬಂತು.

ಡಿಸೆಂಬರ್ 7, ಭಾನುವಾರ

ಇವತ್ತು ದೊಡ್ಡಮ್ಮನ ಫೋನ್ ಬಂದ ಕೂಡಲೇ ಅಮ್ಮ ಒಳಗೆ ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಆ ಬಾಗಿಲಿಗೆ ಚಿಲಕವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಪಾತ್ರೆಗಳೆಲ್ಲ ಒಳಗೆ, ನಾನು ಹಜಾರದಲ್ಲಿ ಬಟ್ಟೆ ಹಿಡಿದುಕೊಂಡು. ದೊಡ್ಡಮ್ಮನ ದನಿ ಗುಂಯ್ ಎನ್ನುತ್ತಿತ್ತು. ಬಾತುಕೋಳಿಯ ಜಗಳ ಏನಾಯಿತೋ. ಈಗ ರಿಕ್ಕೆಯ ಮೇಲಲ್ಲ, ದೊಡ್ಡಮ್ಮನ ಮೇಲೆ ಹೊಟ್ಟೆ ಉರಿಯುತ್ತಿದೆ.

ಮಾಲ್ತೆ ಬಂದು ನೋಡಿ ನಕ್ಕ. “ಗೂಢಚಾರಿಣಿ ಸಿಕ್ಕಿಬಿದ್ಲು! ಕಿವಿ ಇಡು, ಕಿವಿ ಇಡು. ನನ್ನ ಬಗ್ಗೆ ಏನಾದ್ರೂ ಹೇಳಿದ್ರೆ ತಿಳಿಸು.”

ಊಟದ ಹೊತ್ತಿಗೆ ಟಿಕೆಟ್ಟಿನ ಮಾತೆತ್ತಿದೆ. ಅಮ್ಮ ಸಿಟ್ಟಾಗಲಿಲ್ಲ. ಮೆಲ್ಲಗೆ, ನನಗೆ ನೋವಾಗದ ಹಾಗೆ ಹೇಳಿದಳು. ಅದರಿಂದಲೇ ಹೆಚ್ಚು ನೋವಾಯಿತು.

“ನಿಂಗೆ ತಿಳಿಯುತ್ತೆ, ಸರಿ. ಆದ್ರೆ ನೀನು ಬಾಯೇ ಬಿಡಲ್ವಲ್ಲ, ಮಾರೆನ್. ಅಜ್ಜಿಗೆ ಕಣ್ಣಿಲ್ಲ. ಪಕ್ಕದಲ್ಲಿ ಸುಮ್ನೆ ಕೂತು ಕೇಳಿಸ್ಕೊಂಡು ಬಂದ್ರೆ, ನೀನು ಬಂದಿದ್ದೇ ಅವಳಿಗೆ ಗೊತ್ತಾಗಲ್ಲ. ರಿಕ್ಕೆ ಏನೋ ಒಂದು ಮಾತಾಡ್ತಾಳೆ. ಆಫೀಸಿನವಳೋ ಯಾರೋ, ಒಬ್ಬಳು ಬಂದಿದಾಳೆ ಅಂತಾದ್ರೂ ಗೊತ್ತಾಗುತ್ತೆ.”

ಡಿಸೆಂಬರ್ 10, ಬುಧವಾರ

ಕಪಾಟುಗಳ ನಡುವೆ ಗಾಡಿ ತಳ್ಳುತ್ತಾ ಅಮ್ಮನ ವಾಕ್ಯಗಳನ್ನು ಬಾಯೊಳಗೆ ಆಡಿನೋಡಿದೆ. ನಾಯಿ ನಮ್ಮದಲ್ಲ. ತಟ್ಟೆ ತಳ್ಳಬೇಡ. ಇನ್ನೂ ಎರಡು ತುತ್ತು. ಎಲ್ಲವೂ ಇವೆ, ಸಾಲಾಗಿ. ಹೊರಗೆ ಬಂದ ದನಿ ಮಾತ್ರ ನನ್ನದರ ಹಾಗಿರಲಿಲ್ಲ, ಗಟ್ಟಿ ಗಂಟಲಿನ ಇನ್ಯಾರದೋ. ಪ್ರವಾಸದ ಕಪಾಟಿನ ಮುದುಕ ಕನ್ನಡಕ ಸರಿಸಿ ನೋಡಿದ. ಓಡಿಹೋದೆ.

ಡಿಸೆಂಬರ್ 12, ಶುಕ್ರವಾರ

ಅಮ್ಮ ಮಾತಾಡುವಾಗ ಅವಳ ಕೈ ನೋಡುತ್ತೇನೆ. ಡೇನಿಶ್ ಆಡುವಾಗ ಎರಡೂ ಕೈ ಮಡಿಲಲ್ಲಿರುತ್ತವೆ. ಬ್ಯಾಂಕಾಕಿನ ಮಾತಿಗೆ ಒಂದರ ಮೇಲೊಂದು ಮೇಜಿನ ಮೇಲೆ. ದೊಡ್ಡಮ್ಮನ ಜೊತೆ ಹೇಗಿರುತ್ತವೆ ಎಂದು ಜ್ಞಾಪಿಸಿಕೊಂಡೆ: ಒಂದು ಸೊಂಟದ ಮೇಲೆ, ಇನ್ನೊಂದು ಗಾಳಿಯಲ್ಲಿ ಸೌಟಿನೊಂದಿಗೆ. ಆ ಅಮ್ಮನನ್ನು ಈ ದೇಶದಲ್ಲಿ ನೋಡಿರುವವಳು ನಾನೊಬ್ಬಳೇ. ಅವಳೂ ಈಗ ಚಿಲಕದ ಹಿಂದೆ.

ಡಿಸೆಂಬರ್ 13, ಶನಿವಾರ

ರಿಕ್ಕೆ ಮತ್ತು ಮಾಲ್ತೆ ಬಂದಿದ್ದಾರೆ. ಸಂಜೆ ಅಮ್ಮ ತೆಂಗಿನ ಹಾಲು ತೆಗೆದಳು. ನಾನು ಅಂಟಕ್ಕಿ ಬೇಯಿಸಿಟ್ಟು, ಶೆಡ್ಡಿಗೆ ಹೋಗಿ ಜಾಡಿ ತಂದು ರಿಕ್ಕೆಯ ಮುಂದೆ ಇಟ್ಟೆ. ಅಮ್ಮ ‘ಅಯ್ಯೋ ಬೇಡ’ ಎನ್ನುತ್ತಿದ್ದ ಹಾಗೇ ರಿಕ್ಕೆ ಅಂಟಕ್ಕಿಯ ಉಂಡೆಯನ್ನು ಅದ್ದಿ ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು, ನುಂಗಿದಳು, ಇನ್ನೊಂದು ಉಂಡೆ ಮಾಡಿದಳು. ಅಪ್ಪ ಕೋಟು ಹಾಕಿಕೊಂಡು ಶೆಡ್ಡಿಗೆ ಹೋದ. ಅಮ್ಮ ಬೆನ್ನು ಬಾಗಿಸಿ, ಮೇಜಿಗೆ ಹಣೆ ತಾಗುವಷ್ಟು ನಕ್ಕಳು. ನಡುವೆ ಒಂದು ಮಾತು ಅವಳ ಬಾಯಿಂದ ಜಾರಿತು, ಗದ್ದೆಯ ಮಾತು, ರಿಕ್ಕೆಯ ಎದುರಿಗೇ. ರಿಕ್ಕೆ ನನ್ನ ಕಡೆ ನೋಡಿದಳು. ನಾನು ಅವಳ ಕಿವಿಯಲ್ಲಿ ಅರ್ಥ ಹೇಳಿದೆ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸೋಮವಾರ ಟಿಕೆಟ್ ತೆಗೆಯುತ್ತಾರೆ. ಯಾರ ಹೆಸರಿಗೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಾಳೆ ಬೆಳಿಗ್ಗೆ ದೊಡ್ಡಮ್ಮನ ಫೋನ್ ಬರುತ್ತದೆ. ಎಲ್ಲರೂ ಕಾಫಿಗೆ ಕೂತಿರುತ್ತಾರೆ, ರಿಕ್ಕೆಯೂ ಎದುರಿಗೇ ಇರುತ್ತಾಳೆ. ತಪ್ಪಾಗುತ್ತದೆ, ಮಾಲ್ತೆ ವರ್ಷವಿಡೀ ಅಣಕಿಸುತ್ತಾನೆ. ಆದರೂ ಅಮ್ಮ ಕೈಚಾಚುವ ಮೊದಲೇ ಫೋನನ್ನು ನಾನು ಎತ್ತಿಕೊಳ್ಳುತ್ತೇನೆ. ಅಜ್ಜಿಯ ಕಿವಿಗೆ ಹಿಡಿಯಲು ಹೇಳಿ, ಗಟ್ಟಿಯಾಗಿ, ನಾನು ಲಮ್ಯಾಯ್ ಮಗಳು ಎನ್ನುತ್ತೇನೆ.